ಹುಳುಮನೆಯ ಹೊಸ್ತಿಲು

ಮೊನ್ನೆ ಕೋಲಾರದ ನಮ್ಮ ಪಾಲಿಟೆಕ್ನಿಕ್ಕಿನ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ, ಚೈತ್ರಾ ಎಂಬ ಹುಡುಗಿಯ ಕಂಪ್ಯೂಟರಿಗೆ ಬಗ್ಗಿದರೆ ಘಮ್ಮೆಂದು ಪೌಡರ್ ವಾಸನೆ. ನನಗೂ ಪೌಡರಿಗೂ ಆಗಿಬರದು. ಕಾರಣ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಅವಳು ನೀರಿನ ಟ್ಯಾಂಕಿಗೊಂದು ಕ್ಲಾಸ್, ಅಂದರೆ ಅದರ ಲೆಕ್ಕವನ್ನೂ ಕೆಲಸವನ್ನೂ ಒಟ್ಟಿಗೆ ಕಟ್ಟಿಡುವ ಪ್ರೋಗ್ರಾಂ ತುಣುಕು, ಬರೆದಿದ್ದಳು. ಒಳಗಿನ ನೀರಿನ ಮಟ್ಟವನ್ನು ಹೊರಗಿನವರು ಮುಟ್ಟದಂತೆ ಪ್ರೈವೇಟ್ ಮಾಡದೆ, ಹೊರಗಿನಿಂದಲೇ ಮೈನಸ್ ಐವತ್ತು ಲೀಟರ್ ಎಂದು ತುಂಬಿದ್ದಳು. ಕಂಪ್ಯೂಟರ್ ಪಾಪ, ತೆಪ್ಪಗೆ ಒಪ್ಪಿಕೊಂಡಿತ್ತು.

"ಅದನ್ನ ಒಳಗೇ ಮುಚ್ಚಿಡಮ್ಮ. ಬೇಕಾದೋರು ಬಾಗ್ಲಲ್ಲಿ ನಿಂತಿರೋ ಮೆಥಡ್‌ನ ಕೇಳಲಿ" ಎಂದೆ.

"ನಾನೇ ಬರ್ದಿರೋ ಕ್ಲಾಸ್ ಅಲ್ವಾ ಮೇಡಂ? ನನ್ ಮನೆಗೆ ನಾನೇ ಬಾಗ್ಲು ತಟ್ಬೇಕಾ?"

ಪುಸ್ತಕದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನೆನಪಿಗೆ ಬಂದದ್ದು ಮಾತ್ರ ದೊಡ್ಡಮ್ಮ.

ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿ ದೊಡ್ಡಮ್ಮ ರೇಷ್ಮೆಹುಳು ಸಾಕುತ್ತಿದ್ದರು. ಹುಳುಮನೆಯೊಳಕ್ಕೆ ಅವರೊಬ್ಬರೇ, ಕೈಕಾಲು ತೊಳೆದು, ಸೋಂಕು ತಟ್ಟದಂತೆ ಹೊಸ್ತಿಲಲ್ಲಿ ಹಾಕಿದ ಸುಣ್ಣ ತುಳಿದು ಹೋಗುವುದು. ದೊಡ್ಡಪ್ಪನೂ ಹೊಸ್ತಿಲಾಚೆ ನಿಂತೇ "ಎಷ್ಟನೇ ಜ್ವರ?" ಎಂದು ಕೇಳಬೇಕು. ಹುಳು ಪೊರೆ ಬಿಡಲು ಮಲಗುವುದಕ್ಕೆ ನಮ್ಮಲ್ಲಿ ಜ್ವರವೆನ್ನುತ್ತಾರೆ. "ನಾಲ್ಕ್ನೇದು ಎದ್ದವೆ" ಎಂದು ಒಳಗಿನಿಂದ ಉತ್ತರ.

ನನಗೆ ಹನ್ನೆರಡು ವರ್ಷ, ಮೈತುಂಬ ಕೊಬ್ಬು. ರಜೆಗೆ ಹೋದವಳು, ಒಂದು ಬೆಳಿಗ್ಗೆ ಸ್ನಾನ ಮಾಡಿ ಗೋಡೆಗೆ ಬಳಿದಂತೆ ಪೌಡರ್ ಬಳಿದುಕೊಂಡೆ. ದೊಡ್ಡಮ್ಮ ಸೊಪ್ಪು ತರಲು ಹೋದ ಹೊತ್ತು ನೋಡಿ ಒಳಗೆ ನುಗ್ಗಿ, ಎರಡು ತಟ್ಟೆಗಳ ಹುಳುಗಳನ್ನು ಕೈಯಾಡಿಸಿ ನೋಡಿದೆ. ಎಷ್ಟು ತಣ್ಣಗಿದ್ದವು!

ರೇಷ್ಮೆಹುಳುವಿಗೆ ಪೌಡರ್ ವಿಷವೆಂದು ನನಗೇನು ಗೊತ್ತು? ಮರುದಿನ ಆ ತಟ್ಟೆಗಳ ಹುಳು ಸೊಪ್ಪು ಮುಟ್ಟಲಿಲ್ಲ. ಮೂರನೆಯ ದಿನ ದೊಡ್ಡಮ್ಮ ಅವನ್ನು ಮಂಕರಿಗೆ ತುಂಬಿ ಹೂತು ಬಂದರು.

"ಕೈ ತೊಳೀದೆ ಹೋಗಿದ್ದೀಯ, ಇನ್ನೇನು!" ಎಂದು ದೊಡ್ಡಪ್ಪ ದೊಡ್ಡಮ್ಮನ ಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ದೊಡ್ಡಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಕಂಬದ ಹಿಂದೆ ನಿಂತಿದ್ದ ನಾನೂ ಅನ್ನಲಿಲ್ಲ. ಮೊನ್ನೆಯವರೆಗೂ ಅಂದಿರಲಿಲ್ಲ, ನಾಚಿಕೆಯಾಗುತ್ತದೆ.

ಚೈತ್ರಾಗೆ ಇಷ್ಟನ್ನೂ ಹೇಳಿದೆ. "ಆಮೇಲೆ ಅವ್ರಿಗೆ ಹೇಳಿದ್ರಾ ಮೇಡಂ?" ಎಂದಳು. ಕೇಳಿಸದವಳಂತೆ ಪ್ರೋಗ್ರಾಂ ತಿದ್ದಿಸಿದೆ.

ಸಂಜೆ ಬಸ್ ಸ್ಟ್ಯಾಂಡಿನಿಂದ ದೊಡ್ಡಮ್ಮನಿಗೆ ಫೋನ್ ಮಾಡಿ, ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಅಯ್ಯೋ, ಅವತ್ತೇ ಗೊತ್ತಾಯ್ತು ಕಣೇ. ಹುಳುಮನೆ ತುಂಬಾ ನಿನ್ ಪೌಡ್ರು ವಾಸ್ನೆ."

"ಮತ್ತೆ ನೀನ್ ಯಾಕೆ ಬೈಸ್ಕೊಂಡೆ? ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

"ನೀನಾಗೇ ಬಂದು ಹೇಳ್ತೀಯ ಅಂತ ಕಾದೆ. ನಿನ್ನೊಳಗಿರೋದ್ನ ನಾನು ಕೈ ಹಾಕಿ ತೆಗೀಲಾ?"

ನಮ್ಮ ಮನೆಯ ಕಡೆಯ ಬಸ್ಸು ಬಂದು ನಿಂತಿತ್ತು. ಅದನ್ನು ಬಿಟ್ಟು ಶ್ರೀನಿವಾಸಪುರದ ಬಸ್ಸು ಹತ್ತಿದೆ.