ಛಲೋ ಅಂದಿದ್ದಕ್ಕೆ ಮಷೀನು ನಿಂತಿತು

"ಮೌಲಾಸಾಬ್, ಇವತ್ತು ಹತ್ತಿ ಭಾಳ ಸ್ವಚ್ಛ ಬಂದದ. ಛಲೋ ಕೆಲಸ" ಎಂದೆ. ಮಾನ್ವಿಯಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ನನ್ನ ಜಿನ್ನಿಂಗ್ ಮಿಲ್ಲಿನ ಹೆಡ್ ಫಿಟ್ಟರ್ ಮೌಲಾಸಾಬ್ ಮಷೀನು ಬಂದ್ ಮಾಡಿ, ಕೈ ಒರೆಸಿಕೊಂಡು ನನ್ನೆದುರು ಬಂದು ನಿಂತ.

"ಯಾಕ್ರೀ ಸಾವ್ಕಾರ್ರ, ನನ್ನ ಕೆಲಸದಿಂದ ಬಿಡಿಸಾಕತ್ತೀರೇನು?"

ನಿಜವಾಗಿ ನಾನು ಅವನನ್ನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದೆ. ದೇವದುರ್ಗದ ಮಿಲ್ಲಿನವರು ಅವನನ್ನು ಕರೆದಿದ್ದರು. ಅವನು ಹೋದರೆ ಸೀಸನ್ನಿನ ನಡುವೆ ಮಷೀನು ನೋಡುವವರಿಲ್ಲ. ಅದಕ್ಕೇ ಮಾಲೀಕರಿಗೆ ಮಾತು ಕಲಿಸುವ ಕೋಚ್ ಮೇಡಮ್ಮೊಬ್ಬರನ್ನು, ಫೀಸು ಚೌಕಾಸಿ ಮಾಡಿ, ರಾಯಚೂರಿನಿಂದ ಕರೆಸಿದ್ದೆ. ಹಿಂದಿನ ದಿನ ಅವರು ದಿನವಿಡೀ ಮಿಲ್ಲಿನಲ್ಲಿ ಸುಮ್ಮನೆ ಕುಳಿತು ಕೇಳಿಸಿಕೊಂಡು, ಸಂಜೆ ಅಂದಿದ್ದರು: "ನೀವು ಕೆಲಸದವರ ಜೋಡಿ ಮಾತಾಡಾಕತ್ತಿಲ್ರಿ, ಅವರ ಕಡೆಯಿಂದ ಹತ್ತಿ ಖರೀದಿ ಮಾಡಾಕತ್ತೀರಿ."

ಖರೀದಿಯಿಂದಲೇ ಮೇಲೆ ಬಂದವನು ನಾನು. ಮಾರುವವನ ಮುಂದೆ ಮಾಲು ಚೆನ್ನಾಗಿದೆ ಎಂದರೆ ದರ ಏರುತ್ತದೆ. ಹಸಿ ಅದ, ಕಸ ಅದ ಎಂದು ಹಳಿಯಬೇಕು. ಮೌಲಾಸಾಬನ ಕೆಲಸವನ್ನೂ ಹನ್ನೆರಡು ವರ್ಷ ಹಾಗೆಯೇ ಹಳಿದಿದ್ದೆ. ಕಂಡ ಒಳ್ಳೆಯದನ್ನು ಹೇಳಿ, ಹಿಂದೆ 'ಆದರೆ' ಸೇರಿಸದೆ ಬಾಯಿ ಮುಚ್ಚಿ ಎಂಬುದು ಮೇಡಂ ಕೊಟ್ಟ ಮೊದಲ ಪಾಠ.

"ಇಲ್ಲೋ ಮಾರಾಯಾ, ಖರೇನ ಛಲೋ ಆಗ್ಯದ" ಎಂದು ಬಾಯಿ ಮುಚ್ಚಿದೆ.

ಅವನು ಹತ್ತಿ ಆರಿಸುತ್ತಿದ್ದ ಹೆಂಗಸರತ್ತ ತಿರುಗಿದ. "ಹಂಗಾದ್ರ ಇನ್ನೊಮ್ಮಿ ಜೋರಾಗಿ ಹೇಳ್ರಿ. ನಾಳಿ ನಾ ಹೇಳಿದ್ರ ಇವ್ರು ನಂಬಂಗಿಲ್ಲ."

ಹೇಳಿದೆ.

ಮೌಲಾಸಾಬ್ ದೇವದುರ್ಗಕ್ಕೆ ಹೋಗಲಿಲ್ಲ. ಆದರೂ ನನ್ನ ಬಾಯಲ್ಲಿ ಒಂದು ಒಳ್ಳೆಯ ಮಾತು ಬಂದರೆ ಕೆಲಸ ಹೋಯಿತೆಂದು ಅವನಿಗೆ ಅನಿಸಿದ್ದು ಮರೆಯುತ್ತಿಲ್ಲ. ಮಾಲೀಕರಿಗೆ ನನ್ನ ಸಲಹೆ: ಬೇರೆಯವರು ಕರೆಯುವ ಮೊದಲೇ ಛಲೋ ಅಂದುಬಿಡಿ.