ವೇದಿಕೆ ಮೇಲಿನ ಜೋಕಾಲಿ

ಪಂಚಮಿಯ ದಿನ ನಮ್ಮೂರ ದೊಡ್ಡ ಪಾರ್ಕಿನ ವಾಚ್‌ಮನ್ ನನ್ನ ತಂಗಿಯ ಕೈಯಿಂದ ಹಗ್ಗ ಕಸಿದುಕೊಂಡ. ಗಾಬರಿಯಾಗಬೇಡಿ. ಅವಳು ಬೇವಿನ ಮರಕ್ಕೆ ಜೋಕಾಲಿ ಕಟ್ಟಲು ಹೊರಟಿದ್ದಳು, ಅಷ್ಟೇ.

ತಂಗಿಯನ್ನು ಇರಕಲ್ಲಗಡಕ್ಕೆ ಕೊಟ್ಟಿದ್ದೇವೆ. ಪಂಚಮಿಗೆ ಕೊಪ್ಪಳಕ್ಕೆ ಕರೆತರುವುದು ಅಣ್ಣನಾದ ನನ್ನ ಕೆಲಸ. ಈ ಸಲ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳದು ಒಂದೇ ರಾಗ: "ಅಣ್ಣಾ, ತಿನ್ನಾಕ ಉಂಡಿ ಇರಲಿ ಬಿಡಲಿ, ಜೋಕಾಲಿ ಕಟ್ಟಬೇಕ ನೋಡು. ಹಳೇ ಮನಿ ಹೋದಮ್ಯಾಲ ತವರಮನಿ ಜೋಕಾಲಿ ಆಡೇ ಇಲ್ಲ."

ಕಟ್ಟುವುದೆಲ್ಲಿ? ಈಗಿನದು ಆರ್‌ಸಿಸಿ ಮನೆ, ತೊಲೆಯಿಲ್ಲ. (ಫ್ಯಾನಿನ ಕೊಕ್ಕೆ ನೋಡಿದೆ. ಹೆಂಡತಿ ನನ್ನನ್ನು ನೋಡಿದಳು. ಹಗ್ಗ ಕೆಳಗಿಟ್ಟೆ.) ಓಣಿಯ ಮರಗಳು ರಸ್ತೆ ಅಗಲೀಕರಣಕ್ಕೆ ಬಲಿಯಾದವು. ಉಳಿದದ್ದು ಪಾರ್ಕು.

ಏನಿಲ್ಲ ಅಲ್ಲಿ? ವಾಕಿಂಗ್ ಟ್ರ್ಯಾಕ್, ಸಿಮೆಂಟಿನ ಜಿಂಕೆ, ಸೆಲ್ಫಿ ಪಾಯಿಂಟ್, ಬಯಲು ರಂಗಮಂದಿರ!

"ಗಿಡಕ್ಕ ಹಗ್ಗ ಕಟ್ಟಾಂಗಿಲ್ರೀ ಅಕ್ಕಾರ, ಮ್ಯಾಲಿನವರ ಆರ್ಡರ್ ಐತಿ," ಎಂದ ವಾಚ್‌ಮನ್. "ಜೋಕಾಲಿ ಬೇಕಂದ್ರ ಸ್ಟೇಜ್ ಕಡೆ ಹೋಗ್ರಿ, ಪಂಚಮಿ ಪ್ರೋಗ್ರಾಂ ನಡದೈತಿ."

ಹೋದೆವು. ವೇದಿಕೆಯ ಮೇಲೆ ನಿಜಕ್ಕೂ ಜೋಕಾಲಿ, ಮೈತುಂಬಾ ಚೆಂಡು ಹೂವು. ತಂಗಿ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿಯೇಬಿಟ್ಟಳು. ಬ್ಯಾಡ್ಜ್ ಹಾಕಿಕೊಂಡ ಸಂಘಟಕರೊಬ್ಬರು ಓಡಿಬಂದರು.

"ಅದ್ರಾಗ ಕುಂದ್ರಬ್ಯಾಡ್ರೀ ತಾಯಿ, ಅದು ಡೆಕೋರೇಷನ್. ಕುಂತ್ರ ಹರೀತೈತಿ. ಕೆಳಗ ಕುರ್ಚಿ ಖಾಲಿ ಅದಾವ, ಭಾಷಣ ಕೇಳ್ರಿ."

ಕೇಳಿದೆವು. ಇಂದಿನ ಹೆಣ್ಣುಮಕ್ಕಳು ಮೊಬೈಲಿಗೆ ಅಂಟಿಕೊಂಡು ಜೋಕಾಲಿಯನ್ನೇ ಮರೆತಿದ್ದಾರೆಂದು ಅತಿಥಿಗಳು ಗಂಟಲು ಹರಿದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ. "ಮರೆತಿಲ್ರೀ! ಇಲ್ಲೇ ಕುಂತಾಳ ಒಬ್ಬಾಕಿ. ಒಂದ ಸಲ ಜೀಕಾಕ ಬಿಡ್ರಿ!"

ಜನ ಚಪ್ಪಾಳೆ ತಟ್ಟಿದರು. ಭಾಷಣ ಮುಂದುವರಿಯಿತು.

ಮರದ ಬಗ್ಗೆ ಕಾಳಜಿಯಿದ್ದರೆ ಸಂತೋಷವೇ ಸ್ವಾಮಿ. ಆದರೆ ಅದೇ ಬೇವಿನ ಮರಕ್ಕೆ ಮೊಳೆ ಹೊಡೆದು ಅತಿಥಿಗಳ ಫ್ಲೆಕ್ಸ್ ತೂಗುಹಾಕಿದ್ದರಲ್ಲ, ಆಗ ಮರಕ್ಕೆ ನೋವಾಗಲಿಲ್ಲವೇ? ಊರಿಗೆಲ್ಲ ಸಂಸ್ಕೃತಿ ಹಂಚುವ ಪಾರ್ಕಿನಲ್ಲಿ ಒಬ್ಬ ಹೆಣ್ಣುಮಗಳಿಗೆ ಒಂದು ಟೊಂಗೆ ಸಿಗುವುದಿಲ್ಲವೆಂದರೆ ಏನನ್ನಬೇಕು?

ಹಬ್ಬ ಮುಗಿಸಿ ಬಸ್ ಹತ್ತಿದ ತಂಗಿ ಕಿಟಕಿಯಿಂದ ಹೇಳಿದಳು: "ಮುಂದಿನ ಪಂಚಮಿಗೆ ನನ್ನ ಕರೀಲಾಕ ಬರಬ್ಯಾಡಣ್ಣಾ. ಅತ್ತಿಗೀನ್ನ ಕರ್ಕೊಂಡು ನೀನ ಬಾ. ನಮ್ಮ ಹೊಲದಾಗ ಗಿಡ ಐತಿ, ಅಲ್ಲೇ ಕಟ್ಟೂಣು."

ಪಂಚಮಿಗೆ ಅಣ್ಣನೇ ತಂಗಿಯ ಮನೆಗೆ ಹೋಗಬೇಕಾದ ಮೇಲೆ, ಈ ಊರು ಅವಳಿಗೆ ತವರು ಹೇಗಾದೀತು?