ಹುಲಿಕುಂಟೆಯ ಬಿಳಿ ಪುಟ

ಶಿರಾದ ಎರಡು ಕೋಣೆಯ ವೆಬ್‌ಸೈಟ್ ಮಾಡುವ ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದವರು ಅಲ್ಲಿನ ಹಿರಿಯರೊಬ್ಬರು. ಯಾವ ಪುಟ ಕೆಟ್ಟರೂ ಪೆನ್ನಿನ ಕ್ಯಾಪ್ ಕಚ್ಚಿಕೊಂಡು, "ಮೊದ್ಲಿಂದ ಬಾರಪ್ಪ" ಅನ್ನುತ್ತಿದ್ದರು. ಮುಖಪುಟ ತೆರೆದು, ತಾಲ್ಲೂಕು ಒತ್ತಿ, ಹೋಬಳಿ ಒತ್ತಿ, ಊರು ಒತ್ತಿ, ಪುಟದೊಳಗಿನ ಪುಟಕ್ಕೆ ಇಳಿಯುವುದೇ ಅವರ ಪರೀಕ್ಷೆ. ನಡುವೆ ಹಾರಿದರೆ ಬೈಯುತ್ತಿದ್ದರು.

ಕುರಿಗಳ ಲಸಿಕೆ ಶಿಬಿರ ಯಾವ ಊರಲ್ಲಿ ಯಾವತ್ತು ಎಂದು ತೋರಿಸುವ ಸೈಟನ್ನೂ ಹಾಗೆಯೇ ಪರೀಕ್ಷಿಸಿ ಜನರ ಬಳಕೆಗೆ ಬಿಟ್ಟರು. ಆಯಾ ಊರಿನ ಪುಟದ ಲಿಂಕ್ ವಾಟ್ಸಾಪಿನಲ್ಲಿ ಹರಡಿತು. ಒಂದು ಬೆಳಿಗ್ಗೆ ಹುಲಿಕುಂಟೆಯ ಕುರಿಗಾಹಿಯೊಬ್ಬ ಬಂದು ಫೋನ್ ಚಾಚಿದ.

"ವಾರದಿಂದ ಒತ್ತಿದ್ದೇ ಒತ್ತಿದ್ದು ಸ್ವಾಮಿ, ಬರೀ ಬೆಳ್ಳಗ್ ಬತ್ತದೆ. ನಮ್ಮೂರ್ಗೆ ಸೂಜಿ ಇಲ್ವೇನೋ ಅಂತ ಸುಮ್ಕಾಗ್ಬುಟ್ಟೆ. ನಾಕ್ ಕುರಿ ಸತ್ತೋದ್ವು. ಉಳಿದವುಕ್ಕಾದ್ರೂ ಹಾಕಿಸ್ಬೇಕು."

"ಮೊದ್ಲಿಂದ ಬಾರಪ್ಪ," ಎಂದುಬಿಟ್ಟರು ನಮ್ಮ ಹಿರಿಯರು.

"ಯಾವ ಮೊದ್ಲು ಸ್ವಾಮಿ? ನನ್ ಫೋನಿಗೆ ಬಂದಿರಾದು ಇದೊಂದೇ."

ಹಿರಿಯರು ಅವನ ಫೋನ್ ತೆಗೆದುಕೊಂಡು ಆ ಲಿಂಕನ್ನೇ ಒತ್ತಿದರು. ಪುಟ ಬಿಳಿಯಾಗಿಯೇ ಉಳಿಯಿತು. ಮುಖಪುಟದಿಂದ ಇಳಿದು ಬಂದರೆ ಎಲ್ಲ ಸರಿ. ಊರಿನ ಪುಟಕ್ಕೇ ನೇರವಾಗಿ ಬಂದವರಿಗೆ ಸೈಟು ತನ್ನ ಫೈಲನ್ನು ಎಲ್ಲೋ ಹುಡುಕಿ ಸುಮ್ಮನಾಗುತ್ತಿತ್ತು. ಕೋಡಿನಲ್ಲಿ ಆ ಫೈಲಿನ ವಿಳಾಸದ ಮುಂದೆ ಒಂದು ಸ್ಲ್ಯಾಶ್, ಒಂದು ಓರೆ ಗೆರೆ, ಬಿಟ್ಟುಹೋಗಿತ್ತು, ಅಷ್ಟೇ. ನೇರವಾಗಿ ಬರುವವರೂ ಇರುತ್ತಾರೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಎರಡು ನಿಮಿಷದಲ್ಲಿ ಸರಿಪಡಿಸಿ, ಅವನ ಫೋನಿನಲ್ಲೇ ಮತ್ತೆ ಒತ್ತಿದರು.

ಕುರಿಗಾಹಿ ಬಗ್ಗಿ ನೋಡಿದ. "ಬಂತು ಸ್ವಾಮಿ, ಬಂತು! ನಮ್ಮೂರೇ! ಯಾವತ್ತಂತೆ, ನಾಳೀಕಾ?"

ಹುಲಿಕುಂಟೆಯ ಶಿಬಿರ ಮುಗಿದು ಮೂರು ದಿನವಾಗಿತ್ತು. ಹಿರಿಯರು ಫೋನ್ ವಾಪಸ್ ಕೊಡಲಿಲ್ಲ. ಪುಟದಲ್ಲಿದ್ದ ತಾರೀಖನ್ನು ಹೆಬ್ಬೆರಳಿಂದ ಮುಚ್ಚಿಹಿಡಿದರು.